ನಾಡಿದ್ದಿಗೆ ಇಂಗ್ಲಿಷಿನಲ್ಲಿ ಏನಂತಾರೆ?



ಕನ್ನಡ ಮಾಧ್ಯಮದಲ್ಲಿ ಓದಿ ಬಿ.ಇ. ಸೇರಿದಾಗ ನನಗೆ ಇಂಗ್ಲಿಷ್ ಎಂದರೆ ಭಯವಿತ್ತು. ಆ ಭಯ ಬಿಡಿಸಿದ್ದು ನಿಘಂಟಿನಲ್ಲಿ ಹಳೆಯ ಪದಗಳನ್ನು ಹುಡುಕುವ ಹವ್ಯಾಸ. ಅವುಗಳಲ್ಲಿ ನಾಲ್ಕನ್ನು ಹೇಳುತ್ತೇನೆ.

‘ಓವರ್‌ಮಾರೋ’ ಎಂದರೆ ನಾಡಿದ್ದು. 16ನೇ ಶತಮಾನದ ಬೈಬಲ್ ಅನುವಾದವೊಂದರಲ್ಲಿ ಈ ಪದವಿದೆ. ಈಗ ಬಳಕೆಯಲ್ಲಿಲ್ಲ, ಇಂಗ್ಲಿಷಿನವರು ‘ನಾಳೆಯ ನಂತರದ ದಿನ’ ಎಂದು ಸುತ್ತಿ ಬಳಸಿ ಹೇಳಬೇಕು. ನಮ್ಮಲ್ಲಿ ಆಚೆನಾಡಿದ್ದೂ ಉಂಟು!

‘ದೌ’ ಎಂದರೆ ನೀನು. ಅದು ದಿನಬಳಕೆಯಿಂದ ಮರೆಯಾದ ಮೇಲೆ ಮಗುವಿಗೂ ಮೇಷ್ಟ್ರಿಗೂ ‘ಯೂ’ ಒಂದೇ.

‘ಸೆನ್ನೈಟ್’ ಎಂದರೆ ಏಳು ರಾತ್ರಿ, ಅಂದರೆ ಒಂದು ವಾರ. ಹದಿನಾಲ್ಕು ರಾತ್ರಿಯ ‘ಫೋರ್ಟ್‌ನೈಟ್’ ಉಳಿಯಿತು, ಇದು ಹೋಯಿತು.

‘ಕಂಪ್ಯೂಟರ್’ ಎಂದರೆ 17ನೇ ಶತಮಾನದಲ್ಲಿ ಯಂತ್ರವಲ್ಲ, ಲೆಕ್ಕ ಮಾಡುವ ಮನುಷ್ಯ. ನನಗೆ ಅನ್ನ ಕೊಡುವ ಪದವೇ ಹೀಗೆ ಅರ್ಥ ಬದಲಿಸಿದೆ.

ಬಳಕೆ ತಪ್ಪಿದ ಇಂಥ ಪದಗಳನ್ನೂ ಆಕ್ಸ್‌ಫರ್ಡ್ ನಿಘಂಟು ಕಾಪಾಡಿಕೊಂಡಿದೆ. ಅದರ ಸಂಪಾದಕ ಜೇಮ್ಸ್ ಮರ್ರೆ ಸ್ಕಾಟ್ಲೆಂಡಿನ ಹಳ್ಳಿಯ ದರ್ಜಿಯ ಮಗ. 14ನೇ ವಯಸ್ಸಿಗೆ ಶಾಲೆ ಬಿಟ್ಟವರು, ಮುಂದೆ ಮೇಷ್ಟ್ರಾದರು. 1879ರಲ್ಲಿ ಅವರು ಜನರಿಗೆ ಮನವಿ ಮಾಡಿದರು: ಓದಿದ ಪುಸ್ತಕದಲ್ಲಿ ಕಂಡ ಪದವನ್ನು ವಾಕ್ಯಸಮೇತ ಚೀಟಿಯಲ್ಲಿ ಬರೆದು ಕಳಿಸಿ. ಲಕ್ಷಗಟ್ಟಲೆ ಚೀಟಿ ಬಂದವು. ಅವನ್ನು ಜೋಡಿಸಲು ತಮ್ಮ ಶಾಲೆಯ ಆವರಣದಲ್ಲೇ ಒಂದು ಶೆಡ್ ಹಾಕಿಸಿದರು. 1915ರಲ್ಲಿ ಮರ್ರೆ ತೀರಿಕೊಂಡರು. ನಿಘಂಟು ಮುಗಿದದ್ದು 1928ರಲ್ಲಿ.

ಕನ್ನಡಕ್ಕೂ 1894ರಲ್ಲಿ ಕಿಟೆಲ್ ದೊಡ್ಡ ನಿಘಂಟು ಕೊಟ್ಟರು. ಆದರೆ ನಿಘಂಟಿನಲ್ಲಿದ್ದರೆ ಸಾಲದು, ಪದ ಬಾಯಲ್ಲಿರಬೇಕು. ಟ್ರ್ಯಾಕ್ಟರ್ ಬಂದ ಮೇಲೆ ಮೇಳಿ, ಈಸು, ಕುಳ ಎಂದರೆ ನೇಗಿಲಿನ ಯಾವ ಭಾಗ ಎಂದು ಮಕ್ಕಳಿಗೆ ತಿಳಿಯದು. ಕೊಳಗ, ಬಳ್ಳ, ರೋಣಗಲ್ಲು ಎಂದರೆ ನಮ್ಮ ವಯಸ್ಸಿನವರೇ ಯೋಚಿಸುತ್ತೇವೆ. ಇವನ್ನು ಬಲ್ಲ ಅಜ್ಜ ಅಜ್ಜಿಯರು ಇಂದು ಈ ಸಭೆಯಲ್ಲಿ ಕುಳಿತಿದ್ದಾರೆ. ಅವರು ಇರುವಾಗಲೇ ಕೇಳಿಕೊಳ್ಳಬೇಕು.

ಆದ್ದರಿಂದ ನನ್ನದೊಂದು ಕೋರಿಕೆ. ಶಾಲೆಯ ಗ್ರಂಥಾಲಯದಲ್ಲಿ ಒಂದು ದಪ್ಪ ಪುಸ್ತಕ ಇಡೋಣ. ಪ್ರತಿ ಮಗು ವಾರಕ್ಕೊಂದು ಪದ ಮನೆಯಿಂದ ತರಲಿ: ಪದ, ಅರ್ಥ, ಹಿರಿಯರು ಆಡಿದ ಒಂದು ವಾಕ್ಯ. ಪುಸ್ತಕದ ಖರ್ಚು, ಕಂಪ್ಯೂಟರಿಗೆ ಏರಿಸುವ ಕೆಲಸ ನನಗಿರಲಿ.

ಮಕ್ಕಳೇ, ಇಂಗ್ಲಿಷನ್ನು ಚೆನ್ನಾಗಿ ಕಲಿಯಿರಿ, ಹೆದರಬೇಡಿ. ಅದಕ್ಕೂ ಕಳೆದುಕೊಂಡ ಪದಗಳಿವೆ. ನಮ್ಮದನ್ನು ನಾವು ಕಳೆದುಕೊಳ್ಳದಿರೋಣ.