ರಂಗಯ್ಯನದುರ್ಗದ ಕೊಂಡುಕುರಿ



ಗೋವಿನಕೋವಿ, ಹೊನ್ನಾಳಿ ಕಡೆ ತುಂಗಭದ್ರೆಯ ನೀರು, ಭತ್ತದ ಗದ್ದೆ, ಅಡಿಕೆ ತೋಟ ನೋಡಿ ಬೆಳೆದವರಿಗೆ ಕಾಡು ಅಂದರೆ ಶೆಟ್ಟಿಹಳ್ಳಿಯದೋ ಭದ್ರಾದ್ದೋ ದಟ್ಟ ಮರಗಳೇ ನೆನಪಾಗುತ್ತವೆ. ಆದರೆ ನಮ್ಮ ದಾವಣಗೆರೆ ಜಿಲ್ಲೆಯ ವನ್ಯಧಾಮ ಇರುವುದು ಮಳೆಗಾಗಿ ಮುಗಿಲು ನೋಡುವ ಜಗಳೂರು ತಾಲ್ಲೂಕಿನಲ್ಲಿ. ಹೆಸರು ರಂಗಯ್ಯನದುರ್ಗ. 2011ರಲ್ಲಿ ಘೋಷಣೆಯಾಯಿತು, ವಿಸ್ತೀರ್ಣ ಸುಮಾರು 77 ಚದರ ಕಿಲೋಮೀಟರ್. ಕಲ್ಲುಗುಡ್ಡ, ಮುಳ್ಳುಕಂಟಿ, ಬೇಸಿಗೆಯಲ್ಲಿ ಎಲೆ ಉದುರಿಸಿ ನಿಲ್ಲುವ ಕುರುಚಲು ಮರ. ‘ಇಲ್ಲೇನಿದೆ ಕಾಯೋದಕ್ಕೆ?’ ಅಂತ ಯಾರಾದರೂ ಕೇಳಿಯಾರು.

ಇಲ್ಲಿರುವುದು ಕೊಂಡುಕುರಿ ಎಂಬ ಹುಲ್ಲೆ. ಭಾರತ, ನೇಪಾಳ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇದು ಕಾಡಿನಲ್ಲಿಲ್ಲ. ಮೈಗಾತ್ರ ಆಡಿನಷ್ಟು, ತೂಕ 20 ಕಿಲೋ ಆಸುಪಾಸು. ಗಂಡಿಗೆ ನಾಲ್ಕು ಕೊಂಬು: ಕಿವಿಗಳ ನಡುವೆ ಒಂದು ಜೊತೆ, ಹಣೆಯ ಮೇಲೆ ಮೋಟಾದ ಇನ್ನೊಂದು ಜೊತೆ. ಹೆಣ್ಣಿಗೆ ಕೊಂಬೇ ಇಲ್ಲ. ಚುಕ್ಕಿ ಜಿಂಕೆಯ ಕೊಂಬು ಉದುರಿ ಮತ್ತೆ ಮೂಡುತ್ತದೆ, ಇದರದ್ದು ಹಾಗಲ್ಲ, ಸಾಯುವ ತನಕ ಅದೇ ಕೊಂಬು.

ಹಿಂಡು ಕಟ್ಟುವ ಪ್ರಾಣಿಯಲ್ಲ. ಒಂಟಿ, ಇಲ್ಲವೇ ತಾಯಿ ಮರಿ. ಅಪಾಯ ಕಂಡರೆ ಮೊದಲು ಓಡುವುದಿಲ್ಲ, ಹುಲ್ಲಿನಲ್ಲಿ ಅಲುಗಾಡದೆ ನಿಂತುಬಿಡುತ್ತದೆ. ತೀರಾ ಹತ್ತಿರ ಹೋದರೆ ಒಮ್ಮೆಲೇ ಜಿಗಿದು ಮಾಯ. ಮತ್ತೆ ಮತ್ತೆ ಒಂದೇ ಜಾಗದಲ್ಲಿ ಹಿಕ್ಕೆ ಹಾಕುವ ಅಭ್ಯಾಸ ಇದಕ್ಕೆ. ಪ್ರಾಣಿ ಕಣ್ಣಿಗೆ ಬೀಳದಿದ್ದರೂ ಆ ಗುಡ್ಡೆ ನೋಡಿ ಇದರ ಇರವನ್ನು ತಿಳಿಯಬಹುದು. ಬೇಕಾದದ್ದು ಇಷ್ಟೇ: ಅಡಗಲು ಹುಲ್ಲು, ಮೇಯಲು ಚಿಗುರು, ಬಿದ್ದ ಹಣ್ಣು, ನಡೆದುಹೋಗುವಷ್ಟು ದೂರದಲ್ಲಿ ನೀರು.

ಇಂಥ ನೆಲವನ್ನು ಬರಡು ಅಂದುಕೊಂಡು ಗಿಡ ನೆಟ್ಟು ‘ಹಸಿರು’ ಮಾಡುವ ಉತ್ಸಾಹ ನಮಗೆ ಜಾಸ್ತಿ. ನದಿಯಾಚೆ ರಾಣೆಬೆನ್ನೂರಿನಲ್ಲಿ ಆದದ್ದು ಅದೇ. ಕೃಷ್ಣಮೃಗಕ್ಕೆಂದು 1974ರಲ್ಲಿ ವನ್ಯಧಾಮವಾದ ಆ ಬಯಲಿನ ಬಹುಭಾಗ ನೀಲಗಿರಿ ತೋಪು. ಕೃಷ್ಣಮೃಗ ಹೇಗೋ ಉಳಿಯಿತು. ಬಯಲನ್ನೇ ನಂಬಿದ್ದ ದೊರವಾಯನ ಹಕ್ಕಿ, ಅಂದರೆ ಗ್ರೇಟ್ ಇಂಡಿಯನ್ ಬಸ್ಟರ್ಡ್, ಅಲ್ಲಿಂದ ಕಾಣೆಯಾಯಿತು. ನನ್ನ ಮಟ್ಟಿಗೆ ಕುರುಚಲು ಕಾಡಿಗೆ ಸಸಿಗಿಂತ ಹೆಚ್ಚು ಬೇಕಿರುವುದು ನೆಮ್ಮದಿ.

ವನ್ಯಜೀವಿ ಕಾಯ್ದೆಯ ಒಂದನೇ ಪಟ್ಟಿಯಲ್ಲಿರುವ ಪ್ರಾಣಿ ಕೊಂಡುಕುರಿ, ಬೇಟೆಗೆ ಜೈಲು ಶಿಕ್ಷೆಯಿದೆ. ಆದರೆ ಬೇಸಿಗೆಯ ಕಿಚ್ಚಿಗೂ ಬೀದಿನಾಯಿಗೂ ಕಾಯ್ದೆ ಗೊತ್ತಿಲ್ಲ. ಕಾಡಂಚಿನ ಊರಿನವರು ದಯವಿಟ್ಟು ಒಣಹುಲ್ಲಿಗೆ ಬೆಂಕಿ ಇಡಬೇಡಿ, ಗುಡ್ಡಕ್ಕೆ ಹೋಗುವಾಗ ನಾಯಿಗಳನ್ನು ಮನೆಯಲ್ಲೇ ಕಟ್ಟಿ ಹೋಗಿ. ಹೊಗೆ ಕಂಡರೆ ತಡಮಾಡದೆ ಅರಣ್ಯ ಇಲಾಖೆಗೆ ತಿಳಿಸಿ.