ಲಾಲ್‌ಬಾಗಿಗೆ ಸಂಸಾರ ಸಮೇತ

ಭಾನುವಾರ ಬೆಳಗಿನ ಕಾಫಿ ಮುಗಿಯುವ ಹೊತ್ತಿಗೆ ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಒಂದು ಪ್ರಶ್ನೆ ಏಳುತ್ತದೆ: “ಇವತ್ತು ಎಲ್ಲಿಗೆ ಹೋಗೋಣ?” ಮಕ್ಕಳು ಒಂದು ಹೇಳುತ್ತಾರೆ, ಮನೆಯಾಕೆ ಇನ್ನೊಂದು ಹೇಳುತ್ತಾರೆ, ಯಜಮಾನರು ಪತ್ರಿಕೆಯ ಮರೆಯಿಂದ ತಲೆಯೆತ್ತುವುದಿಲ್ಲ. ಕೊನೆಗೆ ಸಿನಿಮಾ, ಇಲ್ಲವೆ ಮಾಲು, ಇಲ್ಲವೆ ಹೋಟೆಲು ಎಂದು ತೀರ್ಮಾನವಾಗುತ್ತದೆ. ಸಂಜೆ ಮನೆ ಸೇರುವಾಗ ಜೇಬು ಹಗುರವಾಗಿರುತ್ತದೆ, ಮನಸ್ಸು ಹಗುರವಾಗಿರುವುದಿಲ್ಲ.

ಇಂಥ ಸಮಯದಲ್ಲಿ ಯಾರಾದರೂ “ಲಾಲ್‌ಬಾಗಿಗೆ ಹೋಗೋಣವೆ?” ಎಂದರೆ, “ಅದನ್ನು ನೋಡಿ ಆಗಿದೆಯಲ್ಲ!” ಎಂಬ ಉತ್ತರ ಸಿದ್ಧವಾಗಿರುತ್ತದೆ. ಕೇಳಿದ ರಾಮಾಯಣವನ್ನೇ ಮತ್ತೆ ಮತ್ತೆ ಕೇಳಿ ತಣಿಯದ ಜನ ನಾವು. ಆದರೆ ವರ್ಷದ ಹನ್ನೆರಡು ತಿಂಗಳೂ ಬೇರೆ ಬೇರೆ ಬಣ್ಣ ತಳೆಯುವ ತೋಟವನ್ನು ಒಂದು ಸಲ ನೋಡಿದರೆ ಸಾಕೆಂದು ಭಾವಿಸುತ್ತೇವೆ. ಸಂಸಾರ ಸಮೇತ ತೋಟಕ್ಕೆ ಹೋಗುವುದು ಹೇಗೆ, ಏಕೆ ಎಂಬ ವಿಷಯವಾಗಿ ನಾಲ್ಕು ಮಾತುಗಳನ್ನು ತಮ್ಮ ಮುಂದಿಡಬೇಕೆಂದಿದ್ದೇನೆ.

ಕನ್ನಡ ಹೇಳಿಕೊಡುವುದು ನನ್ನ ವೃತ್ತಿ. ಕೆಲವು ವರ್ಷಗಳ ಹಿಂದೆ ಒಂಬತ್ತನೆಯ ತರಗತಿಯಲ್ಲಿ ಪಾಠ ಮಾಡುತ್ತಿದ್ದಾಗ ‘ಹೊಂಗೆಯ ನೆರಳು’ ಎಂಬ ಮಾತು ಬಂತು. ಹೊಂಗೆಯ ನೆರಳನ್ನು ನಮ್ಮ ಹಿರಿಯರು ತಾಯಿಯ ಮಡಿಲಿಗೆ ಹೋಲಿಸುತ್ತಿದ್ದರೆಂದು ವಿವರಿಸಿದೆ. ಹಳಗನ್ನಡದಲ್ಲಿ ಅದು ‘ಪೊಂಗೆ’ ಎಂದಿತ್ತು, ‘ಪಾಲು’ ‘ಹಾಲು’ ಆದಂತೆ ‘ಪೊಂಗೆ’ ‘ಹೊಂಗೆ’ಯಾಯಿತು ಎಂದು ಪಂಡಿತರಿಗೆ ಸಹಜವಾದ ಉತ್ಸಾಹದಿಂದ ಕಪ್ಪುಹಲಗೆಯ ಮೇಲೆ ಬರೆದೆ. ಮಕ್ಕಳು ಬರೆದುಕೊಂಡರು. ಆಮೇಲೆ, ಹೊಂಗೆಯ ಮರವನ್ನು ನೋಡಿದವರು ಕೈಯೆತ್ತಿ ಎಂದೆ. ಒಂದು ಕೈಯೂ ಮೇಲೇಳಲಿಲ್ಲ. ನಮ್ಮ ಶಾಲೆಯ ಅಂಗಳದಲ್ಲಿ ಇರುವುದೇ ಎರಡು ಮರ, ಎರಡೂ ಹೊಂಗೆ. ಆ ಮಕ್ಕಳು ದಿನವೂ ಅದರ ಕೆಳಗೆ ಕುಳಿತೇ ಊಟದ ಡಬ್ಬಿ ಬಿಚ್ಚುತ್ತಿದ್ದರು. ಹೆಸರು ಪುಸ್ತಕದಲ್ಲಿ, ಮರ ಅಂಗಳದಲ್ಲಿ. ಎರಡಕ್ಕೂ ನಡುವೆ ಸೇತುವೆಯಿರಲಿಲ್ಲ.

ಮಕ್ಕಳ ಮೇಲೆ ನಾನು ಕೋಪಿಸಿಕೊಳ್ಳಲಿಲ್ಲ. ಕೋಪಿಸಿಕೊಳ್ಳುವ ಅಧಿಕಾರ ನನಗಿರಲಿಲ್ಲ. ಅದೇ ಸಂಜೆ ನನ್ನ ಮಗಳನ್ನು ಕೇಳಿದೆ. ಆಗ ಅವಳಿಗೆ ಹನ್ನೊಂದು ವರ್ಷ. ಅವಳಿಗೂ ತಿಳಿದಿರಲಿಲ್ಲ. ಅವಳನ್ನು ನಾನು ಲಾಲ್‌ಬಾಗಿಗೆ ಕರೆದೊಯ್ದಿರಲಿಲ್ಲವೇ ಎಂದರೆ, ಪ್ರತಿವರ್ಷವೂ ಕರೆದೊಯ್ದಿದ್ದೆ: ಜನವರಿಯಲ್ಲೊಮ್ಮೆ, ಆಗಸ್ಟಿನಲ್ಲೊಮ್ಮೆ, ಫಲಪುಷ್ಪ ಪ್ರದರ್ಶನಕ್ಕೆ. ಜನಜಂಗುಳಿಯಲ್ಲಿ ಅವಳ ಕೈಹಿಡಿದು ಎಳೆದುಕೊಂಡು, ಗಾಜಿನ ಮನೆಯೊಳಗೆ ಹೂವಿನಲ್ಲಿ ಕಟ್ಟಿದ ಆಕೃತಿಯ ಮುಂದೆ ಒಂದು ಚಿತ್ರ ತೆಗೆದು, ಹೊರಗೆ ಬಂದು ಜೋಳದ ತೆನೆ ಕೊಡಿಸಿ ಮನೆಗೆ ಬರುತ್ತಿದ್ದೆವು. ಪ್ರದರ್ಶನ ಚೆಲುವಾದದ್ದೇ. ಆದರೆ ಅದು ತೋಟದ ಹಬ್ಬದ ದಿನ. ಮದುವೆಯ ಮನೆಯಲ್ಲಿ ಮದುಮಗಳೊಡನೆ ನಾಲ್ಕು ಮಾತನಾಡಲು ಆಗುತ್ತದೆಯೆ? ತೋಟದ ಪರಿಚಯವಾಗಬೇಕಾದರೆ ಅದು ತನ್ನ ಪಾಡಿಗೆ ತಾನಿರುವ ದಿನ ಹೋಗಬೇಕು.

ಇನ್ನೊಂದು ತಪ್ಪನ್ನೂ ಒಪ್ಪಿಕೊಳ್ಳುತ್ತೇನೆ. ಆಗ ನಮ್ಮ ತಾಯಿಯವರು ನಮ್ಮೊಡನೆ ಇದ್ದರು. ಹಳ್ಳಿಯಲ್ಲಿ ಬೆಳೆದು ಬಾಳಿದವರು. ನಮ್ಮ ಮೂರನೆಯ ಅಂತಸ್ತಿನ ಮನೆಯ ಕಿಟಕಿಯೇ ಅವರ ಜಗತ್ತಾಗಿತ್ತು. ಹೊರಗೆ ಹೊರಟಾಗಲೆಲ್ಲ ಅವರನ್ನು ಮನೆಯಲ್ಲೇ ಬಿಟ್ಟು ಹೋಗುತ್ತಿದ್ದೆವು. ಮಂಡಿನೋವು, ಅವರಿಗೆ ನಡೆಯಲು ಆಗದು ಎಂದು ನಾವೇ ತೀರ್ಮಾನಿಸಿದ್ದೆವು. ಅವರನ್ನು ಕೇಳಿರಲಿಲ್ಲ. ಹೊಂಗೆಯ ಪ್ರಸಂಗ ನಡೆದ ವಾರ, ಮೊಮ್ಮಗಳನ್ನು ಮರ ತೋರಿಸಲು ಕರೆದೊಯ್ಯುತ್ತೇನೆ ಎಂದಾಗ, “ನಾನೂ ಬರಲೇನಪ್ಪ?” ಎಂದು ಅವರೇ ಕೇಳಿದರು.

ಯುಗಾದಿಗೆ ಇನ್ನೂ ಹತ್ತು ದಿನವಿತ್ತು. ಬೆಳಗ್ಗೆ ಏಳು ಗಂಟೆಗೆ ಲಾಲ್‌ಬಾಗಿನೊಳಗೆ ಕಾಲಿಟ್ಟೆವು. ಐವತ್ತು ಹೆಜ್ಜೆಗೊಂದು ಕಲ್ಲುಬೆಂಚು. ಕುಳಿತು, ಎದ್ದು, ಮತ್ತೆ ಕುಳಿತು ಸಾಗಿದೆವು. ಒಂದೆಡೆ ನೆಲದ ಮೇಲೆ ಪುರಿ ಚೆಲ್ಲಿದಂತೆ ನಸುಗೆಂಪು ಬೆರೆತ ಬಿಳಿಯ ಹೂ ಉದುರಿತ್ತು. ಮೇಲೆ ಎಳೆಯ ಹಸುರು ಚಿಗುರು. ಜೇನು ಗುಂಯ್ ಎನ್ನುತ್ತಿತ್ತು. ತಾಯಿಯವರು ನಿಂತರು. “ಹೊಂಗೆ ಹೂ ಬಿಟ್ಟಿದೆ. ಹಬ್ಬ ಹತ್ತಿರ ಬಂತು” ಎಂದರು. ಅವರಿಗೆ ಪಂಚಾಂಗ ಬೇಕಾಗಿರಲಿಲ್ಲ.

ಆಮೇಲೆ ನಡೆದುದೆಲ್ಲ ಅಜ್ಜಿ ಮೊಮ್ಮಗಳ ಮಾತು. ನಾನು ಕೇಳುತ್ತ ಹಿಂದೆ ನಡೆದೆ. ಹೊಂಗೆಯ ಸೊಪ್ಪನ್ನು ಗದ್ದೆಗೆ ಹಾಕಿ ತುಳಿದು ಗೊಬ್ಬರ ಮಾಡುತ್ತಿದ್ದುದು, ಅದರ ಬೀಜ ಆಯ್ದು ಗಾಣಕ್ಕೆ ಕೊಟ್ಟು ಎಣ್ಣೆ ತಂದು ದೀಪ ಹಚ್ಚುತ್ತಿದ್ದುದು, ಆ ದೀಪದ ಬೆಳಕಿನಲ್ಲಿ ನಾನು ಅಕ್ಷರ ತಿದ್ದಿದ್ದು, ಇವೆಲ್ಲ ಒಂದೊಂದಾಗಿ ಹೊರಬಂದವು. ನನ್ನ ಮಗಳು “ಆಮೇಲೆ, ಅಜ್ಜಿ?” ಎನ್ನುತ್ತಲೇ ಇದ್ದಳು. ಅತ್ತಿಯ ಮರ ಬಂದರೆ ಅತ್ತಿಯ ಕಥೆ, ನೇರಳೆಯ ಮರ ಬಂದರೆ ನೇರಳೆಯ ಕಥೆ. ಮನೆಯ ಮೂಲೆಯಲ್ಲಿ ಮಾತಿಲ್ಲದೆ ಕುಳಿತಿರುತ್ತಿದ್ದ ಆ ಹಿರಿಯ ಜೀವ ಅಂದು ಆ ತೋಟಕ್ಕೆ ಒಡತಿಯಾಗಿತ್ತು.

ಅನಂತರ ಎರಡು ವರ್ಷ ಅವರು ನಮ್ಮೊಡನಿದ್ದರು. ತಿಂಗಳಿಗೊಮ್ಮೆಯಾದರೂ ಹೋಗಿಬಂದೆವು. ಈಗ ಅವರಿಲ್ಲ. ನನ್ನ ಮಗಳಿಗೆ ಮೂವತ್ತು ಮರಗಳ ಹೆಸರು ಗೊತ್ತು. ಅವುಗಳಲ್ಲಿ ನಾನು ಹೇಳಿಕೊಟ್ಟದ್ದು ಐದಾರು ಇರಬಹುದು. ಆ ಭಾನುವಾರ ನಾವು ಎಂದಿನಂತೆ ಅವರನ್ನು ಬಿಟ್ಟು ಹೋಗಿದ್ದರೆ ಉಳಿದ ಹೆಸರುಗಳು ಅವರೊಡನೆಯೇ ಹೋಗುತ್ತಿದ್ದವು. ಆದ್ದರಿಂದಲೇ ‘ಸಂಸಾರ ಸಮೇತ’ ಎಂಬ ಮಾತನ್ನು ಒತ್ತಿ ಹೇಳುತ್ತಿದ್ದೇನೆ. ಮನೆಯಲ್ಲಿ ಹಿರಿಯರಿದ್ದರೆ ಅವರನ್ನು ಮೊದಲು ಹೊರಡಿಸಿ. ನಡಿಗೆ ನಿಧಾನವಾದರೆ ನಷ್ಟವೇನೂ ಇಲ್ಲ. ಮರಗಳು ಎಲ್ಲಿಗೂ ಓಡಿಹೋಗುವುದಿಲ್ಲ.

ಲಾಲ್‌ಬಾಗಿನ ಹಿರಿಮೆಯನ್ನು ತಾವು ಕೇಳಿಯೇ ಇದ್ದೀರಿ. 1760ರಲ್ಲಿ ಹೈದರಾಲಿ ಆರಂಭಿಸಿದ ತೋಟ. ಟಿಪ್ಪು ಸುಲ್ತಾನನು ದೇಶದೇಶಗಳಿಂದ ಗಿಡ ಬೀಜಗಳನ್ನು ತರಿಸಿ ಬೆಳೆಸಿದನು. 1856ರಲ್ಲಿ ಅದು ಸರ್ಕಾರಿ ಸಸ್ಯೋದ್ಯಾನವಾಯಿತು. ಗಾಜಿನ ಮನೆಗೆ ಅಡಿಗಲ್ಲು ಬಿದ್ದುದು 1889ರಲ್ಲಿ. ಇಂದು ಅದರ ವಿಸ್ತಾರ ಸುಮಾರು 240 ಎಕರೆ. ಆದರೆ ತೋಟಕ್ಕಿಂತ ಹಿರಿಯದೊಂದು ಅಲ್ಲಿದೆ. ಕೆಂಪೇಗೌಡರ ಗೋಪುರವನ್ನು ಹೊತ್ತು ನಿಂತಿರುವ ಬಂಡೆಯ ವಯಸ್ಸು ಸುಮಾರು 300 ಕೋಟಿ ವರ್ಷವೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ಮಕ್ಕಳನ್ನು ಆ ಬಂಡೆಯ ಮೇಲೆ ಕೂರಿಸಿ, ಅಂಗೈಯಿಂದ ಅದನ್ನು ಮುಟ್ಟಲು ಹೇಳಿ. ಮರ, ಹಕ್ಕಿ, ಮನುಷ್ಯ ಯಾವುದೂ ಹುಟ್ಟುವ ಮೊದಲೇ ಇದ್ದ ವಸ್ತುವನ್ನು ಮುಟ್ಟುತ್ತಿದ್ದೀರಿ ಎಂದು ಹೇಳಿ. ಆಮೇಲೆ ಸ್ವಲ್ಪ ಹೊತ್ತು ನೀವು ಸುಮ್ಮನಿದ್ದರೆ ಸಾಕು.

ಇನ್ನೊಬ್ಬ ಮಹನೀಯರನ್ನು ನೆನೆಯಬೇಕು. ಜರ್ಮನಿಯಲ್ಲಿ ಹುಟ್ಟಿ, 1908ರಲ್ಲಿ ಬೆಂಗಳೂರಿಗೆ ಬಂದು, 1956ರಲ್ಲಿ ಇಲ್ಲಿಯೇ ದೇಹ ಬಿಟ್ಟ ಕ್ರುಂಬಿಗಲ್ ಅವರು. ಒಂದು ಜಾತಿಯ ಮರದ ಹೂ ಮುಗಿಯುವಷ್ಟರಲ್ಲಿ ಇನ್ನೊಂದು ಜಾತಿ ಅರಳಬೇಕು, ನಗರದಲ್ಲಿ ವರ್ಷವಿಡೀ ಯಾವುದಾದರೊಂದು ಮರ ಹೂವಾಗಿರಬೇಕು ಎಂಬ ಯೋಚನೆಯಿಂದ ಅವರು ಬೀದಿಬೀದಿಗೆ ಮರಗಳನ್ನು ಆರಿಸಿದರು. ಅದರ ಫಲವನ್ನು ನಾವಿಂದೂ ಉಣ್ಣುತ್ತಿದ್ದೇವೆ. ಜನವರಿ ಫೆಬ್ರವರಿಯಲ್ಲಿ ಎಲೆಯನ್ನೆಲ್ಲ ಕಳಚಿ ಗುಲಾಬಿ, ಹಳದಿ ಹೂ ತುಂಬಿಕೊಳ್ಳುವ ಟಬೂಬಿಯಾ, ಅದರ ಬೆನ್ನಿಗೇ ನೀಲಿಯ ಜಕರಾಂಡ, ಯುಗಾದಿಗೆ ಹೊಂಗೆ, ಏಪ್ರಿಲ್ ಮೇ ತಿಂಗಳಲ್ಲಿ ಗುಲ್‌ಮೊಹರಿನ ಕೆಂಪು, ಕಕ್ಕೆಯ ಚಿನ್ನದ ಗೊಂಚಲು, ಮುಂಗಾರು ಹಿಡಿದಾಗ ನೇರಳೆಯ ಹಣ್ಣು, ಮಳೆಗಾಲ ಹಿಂದಾಗುವಾಗ ನೀರುಕಾಯಿಯ ಕೇಸರಿ, ವರ್ಷದ ಕೊನೆಗೆ ರಾತ್ರಿ ಅರಳಿ ಬೆಳಗ್ಗೆ ನೆಲಕ್ಕೆ ಉದುರಿರುವ ಆಕಾಶಮಲ್ಲಿಗೆ. ಇದು ನಗರದ ಪಂಚಾಂಗ. ಗೋಡೆಗೆ ತೂಗುಹಾಕಿದ ಕ್ಯಾಲೆಂಡರಿನಲ್ಲಿ ಇದನ್ನು ಗುರುತು ಹಾಕುವ ಕೆಲಸವನ್ನು ಮಕ್ಕಳಿಗೆ ಒಪ್ಪಿಸಿ. ಮೊದಲ ಹೂ ಕಂಡ ದಿನವನ್ನು ಅವರೇ ಬರೆಯಲಿ.

ಇವುಗಳಲ್ಲಿ ಅನೇಕ ಮರಗಳು ಹೊರದೇಶಗಳಿಂದ ಬಂದ ಅತಿಥಿಗಳು. ಗುಲ್‌ಮೊಹರ್ ಮಡಗಾಸ್ಕರಿನದು, ಜಕರಾಂಡ ದಕ್ಷಿಣ ಅಮೆರಿಕದ್ದು, ನೀರುಕಾಯಿ ಆಫ್ರಿಕದ್ದು. ಅವಕ್ಕೆ ಕನ್ನಡದ ಹೆಸರು ಕೊಟ್ಟವರು ಯಾರು? ನಿಘಂಟು ಬರೆದ ಪಂಡಿತರಲ್ಲ. ಮರದ ಕೆಳಗೆ ಆಡುತ್ತಿದ್ದ ಹುಡುಗರು. ಮೊಗ್ಗನ್ನು ಹಿಸುಕಿದರೆ ನೀರು ಚಿಮ್ಮುವುದನ್ನು ಕಂಡು ‘ನೀರುಕಾಯಿ’ ಎಂದರು. ಗುಲ್‌ಮೊಹರಿನ ಉದ್ದನೆಯ ಕಾಯನ್ನು ಹಿಡಿದು ಯುದ್ಧವಾಡಿ ‘ಕತ್ತಿಕಾಯಿ’ ಎಂದರು. ಅದೇ ಹೂವಿನ ಕೇಸರಗಳನ್ನು ಒಂದಕ್ಕೊಂದು ಸಿಕ್ಕಿಸಿ ಎಳೆದು ಹುಂಜದ ಕಾಳಗ ಆಡಿದರು. ಮರದೊಡನೆ ಒಡನಾಟವಿದ್ದಲ್ಲಿ ಹೆಸರು ತಾನಾಗಿ ಹುಟ್ಟುತ್ತದೆ. ಒಡನಾಟ ತಪ್ಪಿದಲ್ಲಿ ಇದ್ದ ಹೆಸರೂ ಅಳಿಯುತ್ತದೆ. ಭಾಷೆಯನ್ನು ಉಳಿಸಬೇಕೆಂದು ಸಭೆಗಳಲ್ಲಿ ಹೇಳುತ್ತೇವೆ. ಅದರ ಒಂದು ಪಾಲು ಕೆಲಸ ಇಂಥ ಮರದ ಬುಡದಲ್ಲಿ ಆಗಬೇಕಾಗಿದೆ.

ಹೋಗುವ ಕ್ರಮವನ್ನು ಕುರಿತು ಅನುಭವದಿಂದ ಕೆಲವು ಮಾತು. ಬೆಳಗ್ಗೆ ಬೇಗ ಹೊರಡಿ. ಹಕ್ಕಿಗಳು ಆಗ ಮಾತನಾಡುತ್ತವೆ. ಹತ್ತು ಗಂಟೆಯ ಮೇಲೆ ಮನುಷ್ಯರ ಮಾತೇ ಹೆಚ್ಚು. 2017ರಿಂದ ಮೆಟ್ರೋ ರೈಲಿಗೆ ಲಾಲ್‌ಬಾಗ್ ಎಂಬ ನಿಲ್ದಾಣವೇ ಇರುವುದರಿಂದ ಗಾಡಿ ನಿಲ್ಲಿಸುವ ಚಿಂತೆಯಿಲ್ಲ. ಇಡೀ ತೋಟವನ್ನು ಒಂದೇ ದಿನ ಸುತ್ತಲು ಹೊರಡಬೇಡಿ. ಒಂದು ಸಲಕ್ಕೆ ಒಂದೋ ಎರಡೋ ಹೊಸ ಮರ ಸಾಕು. ಬೂರುಗದ ಮರದ ಬುಡದಲ್ಲಿ ಗೋಡೆಗಳಂತೆ ಎದ್ದು ನಿಂತಿರುವ ಬೇರುಗಳ ನಡುವೆ ಮಕ್ಕಳು ಕಣ್ಣಾಮುಚ್ಚಾಲೆ ಆಡಿದರೆ ಆ ಮರವನ್ನು ಅವರು ಜನ್ಮದಲ್ಲಿ ಮರೆಯಲಾರರು. ಅಲ್ಲಿಂದ ಕೆರೆಯ ದಂಡೆಗೆ ಹೋಗಿ ಕುಳಿತುಕೊಳ್ಳಿ. ರೆಕ್ಕೆ ಬಿಚ್ಚಿ ಬಿಸಿಲಿಗೆ ಒಣಗಿಸುವ ನೀರುಕಾಗೆ, ಕೊಂಬೆಯಿಂದ ನೀರಿಗೆ ಧುಮುಕುವ ಮಿಂಚುಳ್ಳಿ, ಕಲ್ಲಿನಂತೆ ಕದಲದೆ ನಿಂತ ಬಕ, ಇವು ಅರ್ಧ ಗಂಟೆಯಲ್ಲಿ ಕಾಣುವಂಥವು. ಹೂ ಕೀಳುವುದು, ತೊಗಟೆಯ ಮೇಲೆ ಹೆಸರು ಕೆತ್ತುವುದು ಬೇಡವೆಂದು ಮಕ್ಕಳಿಗೆ ಮೊದಲೇ ಹೇಳಿ. ನೆಲಕ್ಕೆ ಬಿದ್ದ ಹೂವೊಂದನ್ನು ಮುಟ್ಟಿ ಮೂಸಿ ನೋಡಿದರೆ ಅವರ ಆಸೆ ತೀರುತ್ತದೆ. ಬುತ್ತಿ ಬಿಚ್ಚುವ ಮೊದಲು ಅಲ್ಲಿನ ನಿಯಮದ ಫಲಕವನ್ನು ಓದಿ. ಕೈಯಲ್ಲಿರುವ ಫೋನಿಗೂ ಎರಡು ಗಂಟೆ ರಜ ಕೊಡಿ.

ಲಾಲ್‌ಬಾಗು ದೂರವಾಯಿತೆ? ನಗರದ ನಡುವೆ 1870ರಲ್ಲಿ ಆದ ಕಬ್ಬನ್ ಪಾರ್ಕಿದೆ. ಅದೂ ದೂರವೆಂದರೆ ನಿಮ್ಮ ಬಡಾವಣೆಯ ಸಮೀಪದಲ್ಲಿ ಕೆರೆಯೊಂದು ಉಳಿದಿರಬಹುದು. ಬೆಂಗಳೂರಿನ ಕೆರೆಗಳು ತಾವಾಗಿ ಆದವಲ್ಲ. ದೊಡ್ಡ ನದಿಯಿಲ್ಲದ ಊರಿನಲ್ಲಿ ಹಿರಿಯರು ತಗ್ಗಿಗೆ ಅಡ್ಡಲಾಗಿ ಏರಿ ಕಟ್ಟಿ ಮಳೆನೀರು ನಿಲ್ಲಿಸಿದರು. ಆ ಏರಿಯ ಮೇಲೆ ಮಕ್ಕಳೊಡನೆ ನಡೆಯುವುದೂ ವಿಹಾರವೇ. ಕೆರೆಯೂ ಇಲ್ಲವೆಂದರೆ, ಮನೆಯ ಮುಂದಿನ ಬೀದಿಯಲ್ಲಿ ಒಂದು ಮರವಾದರೂ ಇದ್ದೀತು. ಅದರ ಹೆಸರೇನೆಂದು ಈ ದಿನವೇ ವಿಚಾರಿಸಿ. ಹೆಸರು ತಿಳಿದ ಮರ ನೆರೆಮನೆಯವರಂತೆ. ಅದಕ್ಕೆ ಕೊಡಲಿ ಬೀಳುವ ದಿನ ಬಂದರೆ ಕೇಳುವವರು ಇರುತ್ತಾರೆ.

ನಮ್ಮ ಶಾಲೆಯ ಹೊಂಗೆಗಳು ಈಗಲೂ ಇವೆ. ಪ್ರತಿವರ್ಷ ಯುಗಾದಿಯ ಮುಂಚೆ ಒಂದು ದಿನ ಪುಸ್ತಕ ಮುಚ್ಚಿಸಿ ಮಕ್ಕಳನ್ನು ಅಂಗಳಕ್ಕೆ ಕರೆದೊಯ್ಯುತ್ತೇನೆ. ಹೆಸರು ಹೇಳುತ್ತೇನೆ. ಉಳಿದ ಪಾಠವನ್ನು ಮರ ಮಾಡುತ್ತದೆ. ಬರುವ ಭಾನುವಾರ ತಮ್ಮ ಮನೆಯಲ್ಲಿ “ಎಲ್ಲಿಗೆ ಹೋಗೋಣ?” ಎಂಬ ಪ್ರಶ್ನೆ ಎದ್ದಾಗ, ಕಿಟಕಿಯ ಪಕ್ಕದಲ್ಲಿ ಕುಳಿತಿರುವ ಅಜ್ಜಿಯನ್ನೋ ತಾತನನ್ನೋ ಒಮ್ಮೆ ಕೇಳಿ ನೋಡಿ.