ಈ ಚಕ್ರದಲ್ಲಿ ಬಡ್ಡಿ ಎಲ್ಲಿದೆ?



ಸುವರ್ಣ ಮಹೋತ್ಸವದಲ್ಲಿ ನಾಲ್ಕು ಮಾತಾಡು ಎಂದು ಗುರುಗಳು ಹೇಳಿದಾಗ ನನಗೆ ನೆನಪಾದದ್ದು ಇಲ್ಲಿ ಕಲಿತ ಒಂದು ಸಣ್ಣ ಲೆಕ್ಕ: ವೃತ್ತ ನಕ್ಷೆ, ಅಂದರೆ ಪೈ ಚಾರ್ಟ್.

ನಮ್ಮ ಗಣಿತದ ಮೇಷ್ಟ್ರು ಒಂದು ದಿನ, "ನಿಮ್ಮ ಮನೆಯ ಯಾವುದಾದರೂ ಖರ್ಚಿನ ನಕ್ಷೆ ಬರೆದುಕೊಂಡು ಬನ್ನಿ" ಎಂದರು. ನಮ್ಮದು ಮಳೆ ನಂಬಿದ ಎರಡು ಎಕರೆ ಮೆಕ್ಕೆಜೋಳ. ಅಪ್ಪನನ್ನು ಕೇಳಿ ಖರ್ಚು ಬರೆದುಕೊಂಡೆ. ಲೆಕ್ಕ ಸುಲಭವಾಗಲೆಂದು ಅಂಕಿಗಳನ್ನು ದುಂಡು ಮಾಡಿ ಹೇಳುತ್ತೇನೆ. ಒಟ್ಟು 12,000 ರೂಪಾಯಿ. ಕೂಲಿ 4,200, ಗೊಬ್ಬರ 3,000, ಬೀಜ 1,800, ಉಳುಮೆ 1,800, ಇತರೆ 1,200.

ಇಡೀ ವೃತ್ತಕ್ಕೆ 360 ಡಿಗ್ರಿ. ಹಾಗಾಗಿ ಶೇಕಡಾ 1 ಅಂದರೆ 3.6 ಡಿಗ್ರಿ. ಗೊಬ್ಬರ 12,000ದಲ್ಲಿ 3,000, ಅಂದರೆ ಶೇ. 25, ಅಂದರೆ 90 ಡಿಗ್ರಿ. ಕೂಲಿ ಶೇ. 35, ಅಂದರೆ 126 ಡಿಗ್ರಿ. ಅಮ್ಮನ ಬಳೆ ಇಟ್ಟು ವೃತ್ತ ಎಳೆದು, ಬಣ್ಣ ತುಂಬಿ ಅಪ್ಪನಿಗೆ ತೋರಿಸಿದೆ. "ಜೋಳ ಮಾರಿದ್ದು 14,000. 2,000 ಲಾಭ ಅಪ್ಪಾ" ಎಂದೆ.

ಅಪ್ಪ ಓದಿದವರಲ್ಲ. ನಕ್ಷೆಯನ್ನೇ ನೋಡಿ, "ಇದ್ರಾಗೆ ಬಡ್ಡಿ ಎಲ್ಲೈತೋ?" ಎಂದರು.

10,000 ಕೈಸಾಲ. ನೂರಕ್ಕೆ ತಿಂಗಳಿಗೆ 3 ರೂಪಾಯಿಯಂತೆ 10 ತಿಂಗಳಿಗೆ 3,000 ಬಡ್ಡಿ. ಅದನ್ನು ನಾನು ಬರೆದೇ ಇರಲಿಲ್ಲ.

ಮರುದಿನ ಮೇಷ್ಟ್ರು ಅದೇ ಲೆಕ್ಕವನ್ನು ಬೋರ್ಡಿನ ಮೇಲೆ ಮತ್ತೆ ಮಾಡಿಸಿದರು. ಒಟ್ಟು ಖರ್ಚು 15,000 ಆಯಿತು. ಗೊಬ್ಬರದ ಪಾಲು ಶೇ. 25ರಿಂದ 20ಕ್ಕೆ, 90 ಡಿಗ್ರಿಯಿಂದ 72ಕ್ಕೆ ಇಳಿಯಿತು. ಆದರೆ ಗೊಬ್ಬರಕ್ಕೆ ಕೊಟ್ಟ ದುಡ್ಡಿನಲ್ಲಿ ಒಂದು ರೂಪಾಯಿಯೂ ಕಡಿಮೆಯಾಗಿರಲಿಲ್ಲ! ನಮ್ಮ 2,000 ಲಾಭ ಮಾತ್ರ 1,000 ನಷ್ಟವಾಗಿತ್ತು. ಮುಂದಿನ ವರ್ಷ ಅಪ್ಪ ಕೈಸಾಲ ಬಿಟ್ಟು, ಸೊಸೈಟಿಯಲ್ಲಿ ಕಡಿಮೆ ಬಡ್ಡಿಯ ಬೆಳೆಸಾಲ ತೆಗೆದರು.

ಇವತ್ತು ನನ್ನ ಕೆಲಸದಲ್ಲಿ ಕಂಪ್ಯೂಟರ್ ಸರ್ವರ್‌ಗಳ ಖರ್ಚಿನ ಪೈ ಚಾರ್ಟ್ ತಿಂಗಳಿಗೊಮ್ಮೆ ಬರುತ್ತದೆ. ನಾನು ಎರಡೇ ಪ್ರಶ್ನೆ ಕೇಳುತ್ತೇನೆ. ಒಟ್ಟು ಮೊತ್ತ ಎಷ್ಟು? ಇದರಲ್ಲಿ ಯಾವ ಖರ್ಚು ಬಿಟ್ಟುಹೋಗಿದೆ? ಮೊದಲನೆಯದು ಮೇಷ್ಟ್ರು ಕಲಿಸಿದ್ದು, ಎರಡನೆಯದು ಅಪ್ಪ ಕಲಿಸಿದ್ದು.

ದೇಶದ ಲೆಕ್ಕವನ್ನೂ ಹೀಗೆಯೇ ಓದಬಹುದು. 2025-26ರ ಕೇಂದ್ರ ಬಜೆಟ್ಟಿನ ವೃತ್ತ ನಕ್ಷೆಯಲ್ಲಿ ಬರುವ ಒಂದು ರೂಪಾಯಿಯಲ್ಲಿ 24 ಪೈಸೆ ಸಾಲ, ಹೋಗುವ ರೂಪಾಯಿಯಲ್ಲಿ 20 ಪೈಸೆ ಬಡ್ಡಿ. ಅಲ್ಲಿ ಬಡ್ಡಿಯನ್ನು ಬಿಡದೆ ತೋರಿಸಿದ್ದಾರೆ.

ವಿದ್ಯಾರ್ಥಿಗಳೇ, ಪರೀಕ್ಷೆಯಲ್ಲಿ ಗೊಬ್ಬರದ ಕೋನ 90 ಡಿಗ್ರಿ, ಖರ್ಚು 3,000 ಎಂದಷ್ಟೇ ಕೊಟ್ಟು ಒಟ್ಟು ಎಷ್ಟು ಎಂದು ಕೇಳಬಹುದು. 3,000ವನ್ನು 360ರಿಂದ ಗುಣಿಸಿ 90ರಿಂದ ಭಾಗಿಸಿ, 12,000 ಬರುತ್ತದೆ. ಅಂಕ ಸಿಗುತ್ತದೆ. ಆಮೇಲೆ ಮನೆಗೆ ಹೋಗಿ ನಿಮ್ಮ ಹೊಲದ ನಕ್ಷೆಯನ್ನೂ ಒಮ್ಮೆ ಬರೆಯಿರಿ. ಬರೆದದ್ದನ್ನು ಅಪ್ಪ ಅಮ್ಮನಿಗೆ ತೋರಿಸಿ, ಏನು ಬಿಟ್ಟಿದ್ದೇನೆ ಎಂದು ಕೇಳಿ.